ವಿಶೇಷ ಉಂಟಾ ಎಂದು ಕೇಳಿದ್ದು

ಈಗ ನಾನು ಎಕ್ಸ್‌ರೇ ಕೋಣೆಯಲ್ಲಿ ಹೆಂಗಸರನ್ನು ಕೇಳುವ ರೀತಿ ನೋಡಿದರೆ ನಮ್ಮ ಮನೆಯ ಹಿರಿಯರು ಕಿವಿ ಮುಚ್ಚಿಕೊಂಡಾರು. ಬಾಗಿಲು ಹಾಕುತ್ತೇನೆ, ಮುಖ ನೋಡುತ್ತೇನೆ, 'ಕಳೆದ ಸಲ ಮುಟ್ಟಾದದ್ದು ಯಾವ ತಾರೀಕು? ಹೊಟ್ಟೆಯಲ್ಲಿ ಮಗು ಇರಬಹುದಾ?' ಎಂದು ಕೇಳುತ್ತೇನೆ. ತುಳುವಿನವರನ್ನು ತುಳುವಿನಲ್ಲಿ, ಕೊಂಕಣಿಯವರನ್ನು ನನ್ನ ಹರಕು ಕೊಂಕಣಿಯಲ್ಲಿ. ಮದುವೆಯಾಗದವರನ್ನೂ ಬಿಡುವುದಿಲ್ಲ, ಜೊತೆಗೆ ಬಂದ ಅಮ್ಮಂದಿರನ್ನು ಮೊದಲು ಹೊರಗೆ ಕಳಿಸುತ್ತೇನೆ, ಅಷ್ಟೇ. 'ಎಂತ ನಾಚಿಕೆ ಇಲ್ಲದ ಹೆಂಗಸು ಮಾರಾಯ್ರೆ' ಎಂದು ಒಬ್ಬರು ಹೊರಗಿನ ಬೆಂಚಿನಲ್ಲಿ ಕುಳಿತು ಹೇಳಿದ್ದು ನನ್ನ ಕಿವಿಗೇ ಬಿತ್ತು. ಹೇಳಲಿ. ನಾಚಿಕೆ ಇದ್ದ ಕಾಲದಲ್ಲಿ ನಾನು ಮಾಡಿದ್ದೇನು ಎಂಬುದು ಅವರಿಗೆ ಗೊತ್ತಿಲ್ಲ.

ಆಗ ನಾನು ಕಾಪುವಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಮನೆ ಕುಕ್ಕುಂದೂರಿನಲ್ಲಿ. ಬೆಳಿಗ್ಗೆ ಕಾರ್ಕಳದಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಹೆದ್ದಾರಿಯಲ್ಲಿ ಇನ್ನೊಂದು. ಓದಿದ್ದು ಮಣಿಪಾಲದಲ್ಲಿ. ಕಾಪುವಿನಲ್ಲಿ ಅದಕ್ಕೊಂದು ತೂಕ ಇತ್ತು. ಸೆಂಟರಿನ ಯಜಮಾನರಾದ ಡಾಕ್ಟರರು ಬಂದವರಿಗೆಲ್ಲ 'ನಮ್ಮ ಹುಡುಗಿ ಮಣಿಪಾಲದಲ್ಲಿ ಕಲಿತವಳು' ಎಂದು ನನ್ನನ್ನು ಹೊಸ ಫ್ರಿಜ್ ತೋರಿಸಿದ ಹಾಗೆ ತೋರಿಸುತ್ತಿದ್ದರು. ನನಗೆ ಮೂವತ್ತೈದು ದಾಟಿತ್ತು. ಹುಡುಗಿಯಂತೆ!

ಈ ಡಾಕ್ಟರರನ್ನು ಕೆಟ್ಟವರು ಎಂದರೆ ಅದು ಅವರಿಗೆ ಹೊಗಳಿಕೆಯಾದೀತು. ಕೆಟ್ಟವರಾಗುವುದಕ್ಕೂ ಸ್ವಲ್ಪ ಧೈರ್ಯ ಬೇಕು. ಇವರದ್ದು ಬರೀ ಪುಕ್ಕಲು. ಇವರು ಹೆದರುತ್ತಿದ್ದದ್ದು ತಪ್ಪಿಗಲ್ಲ, ತಪ್ಪು ಹಿಡಿಯಲು ಬರುವ ಜೀಪಿಗೆ. ಆದ್ದರಿಂದ ನಮ್ಮ ಸೆಂಟರಿನಲ್ಲಿ ಕಾನೂನು ಎಂಬುದು ಕೋಣೆಯಿಂದ ಕೋಣೆಗೆ ಬೇರೆಯಾಗಿತ್ತು.

ಸ್ಕ್ಯಾನಿಂಗ್ ಕೋಣೆಗೆ ಹೋದರೆ ನೀವು ಕೈ ಮುಗಿಯಬೇಕು, ಅಷ್ಟು ಶುದ್ಧ. ಭ್ರೂಣದ ಲಿಂಗ ಪತ್ತೆ ಅಪರಾಧ ಎನ್ನುವ ಬೋರ್ಡು ಟ್ಯೂಬ್‌ಲೈಟಿನ ಕೆಳಗೇ ಹೊಳೆಯುತ್ತಿತ್ತು. ಗರ್ಭಿಣಿ ಬಂದರೆ ಫಾರ್ಮ್ ಎಫ್ ತುಂಬಬೇಕು. ಅದರಲ್ಲಿ ಗಂಡನ ಹೆಸರಿನ ಒಂದು ಅಕ್ಷರ ತಪ್ಪಿದರೂ ಹರಿದು ಮತ್ತೊಮ್ಮೆ ಬರೆಸುತ್ತಿದ್ದರು. ಯಾಕೆಂದರೆ ಅಲ್ಲಿ ಎಡವಿದರೆ ಅಧಿಕಾರಿಗಳು ಬಂದು ಮೆಷಿನ್ನಿಗೇ ಸೀಲ್ ಹಾಕಿ ಹೋಗುತ್ತಾರೆ. ಹೆಣ್ಣು ಮಕ್ಕಳ ಮೇಲಿನ ಪ್ರೀತಿಯಿಂದ ಎಂದು ಯಾರೂ ಭಾವಿಸಬೇಕಾಗಿಲ್ಲ.

ಅದರ ಪಕ್ಕದ ಎಕ್ಸ್‌ರೇ ಕೋಣೆ ನನ್ನದು. ಅಲ್ಲಿಗೆ ಜೀಪು ಬಂದದ್ದನ್ನು ನಾನು ನೋಡಿಯೇ ಇಲ್ಲ. ಬಾಗಿಲ ಮೇಲಿನ ಕೆಂಪು ಬಲ್ಬು ಕೆಟ್ಟು ಎಷ್ಟು ಕಾಲವಾಗಿತ್ತೋ. ಸೀಸದ ಏಪ್ರನ್ ಮೊಳೆಗೆ ನೇತು ನೇತು ನಡುವಿನಲ್ಲಿ ಬಿರುಕು ಬಿಟ್ಟಿತ್ತು. ನನ್ನ ಮೈಗೆ ಎಷ್ಟು ಕಿರಣ ತಾಗಿತು ಎಂದು ಅಳೆಯುವ ಬ್ಯಾಡ್ಜ್ ಒಂದು ಉಂಟು, ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು; ಡಾಕ್ಟರರು ಅದನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. 'ಎಲ್ಲಿಯಾದರೂ ಜಾಸ್ತಿ ತೋರಿಸಿದರೆ ಸುಮ್ಮನೆ ಕಿರಿಕಿರಿ, ಅಲ್ವಾ' ಎನ್ನುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗಿ ಬರುತ್ತಿತ್ತು. ಆ ಡ್ರಾಯರಿನ ಆರೋಗ್ಯ ಯಾವಾಗಲೂ ಉತ್ತಮವಾಗಿಯೇ ಇತ್ತು.

ಗರ್ಭಿಣಿಯರು ಮೊದಲೇ ತಿಳಿಸಬೇಕು ಎನ್ನುವ ಸೂಚನೆ ಇಂಗ್ಲಿಷಿನಲ್ಲಿತ್ತು. ರೋಗಿಗಳ ಹಕ್ಕುಗಳು ಎನ್ನುವ ದೊಡ್ಡ ಫಲಕ ಕನ್ನಡದಲ್ಲೇ ಇತ್ತು, ಸರ್ಕಾರದ ಕಡ್ಡಾಯ. ಅದನ್ನು ಮುಂಬಾಗಿಲ ಹಿಂದಿನ ಗೋಡೆಗೆ ಹೊಡೆದಿದ್ದರು. ಬಾಗಿಲು ತೆರೆದರೆ ಫಲಕ ಮುಚ್ಚುತ್ತದೆ. ಸೆಂಟರ್ ತೆರೆದಿರುವಷ್ಟು ಹೊತ್ತು ಬಾಗಿಲೂ ತೆರೆದೇ ಇರುತ್ತದೆ. ರಾತ್ರಿ ಬೀಗ ಹಾಕಿದ ಮೇಲೆ ಜಿರಳೆಗಳು ಓದಿಕೊಳ್ಳುತ್ತಿದ್ದಿರಬೇಕು.

ಇನ್ನು ನನ್ನ ವಿಷಯ. ಡಾಕ್ಟರರನ್ನು ಬೈದು ನಾನು ಸಾಚಾ ಆಗುವುದು ಬೇಡ. ಮೀನಿನವಳ ಹತ್ತಿರ ನನ್ನದು ತುಳು, ಬಸ್ಸಿನಲ್ಲಿ ತುಳು, ಜಗಳಕ್ಕೆ ತುಳು. ಬಿಳಿ ಕೋಟು ಹಾಕಿಕೊಂಡ ಕೂಡಲೇ ಮಾತ್ರ ಎಲ್ಲಿಂದಲೋ ಕನ್ನಡ ಇಳಿದು ಬರುತ್ತದೆ. ನಮ್ಮಲ್ಲಿ ಎಲ್ಲರಿಗೂ ಹಾಗೆಯೇ. ಬ್ಯಾಂಕಿನವರು, ಕಚೇರಿಯವರು, ನರ್ಸುಗಳು, ಎದುರಿಗೆ ಇರುವುದು ಸ್ವಂತ ಚಿಕ್ಕಮ್ಮನಾದರೂ ಕೌಂಟರಿನ ಒಳಗಿಂದ ಕನ್ನಡ. ಆ ಕೋಟಿನ ಕನ್ನಡ ಬಹಳ ಮರ್ಯಾದೆಯದ್ದು. ಅದರಲ್ಲಿ ಹೊಟ್ಟೆ, ಮುಟ್ಟು, ಬಸಿರು ಎಂಬ ಶಬ್ದಗಳೇ ಇಲ್ಲ. ಅವಕ್ಕೆಲ್ಲ ಒಂದೇ ಶಬ್ದ: ವಿಶೇಷ. ಹೊಸ ಮದುವಣಗಿತ್ತಿಯನ್ನು ಹಿರಿಯರು ಪಕ್ಕಕ್ಕೆ ಕರೆದು ಸ್ವರ ತಗ್ಗಿಸಿ ಕೇಳುವುದಿಲ್ಲವೇ, 'ವಿಶೇಷ ಉಂಟಾ?' ಎಂದು. ಎಕ್ಸ್‌ರೇ ಟೇಬಲಿನ ಪಕ್ಕ ನಿಂತು ನಾನು ಕೇಳುತ್ತಿದ್ದದ್ದೂ ಅದನ್ನೇ. ಇದೇ ಶಬ್ದವನ್ನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರೆಲ್ಲ 'ಎಂತ ವಿಶೇಷ?' ಎಂದು ಕೇಳುತ್ತಾರೆ, 'ಎಂತ ವಿಶೇಷ ಇಲ್ಲ' ಎಂದು ಉತ್ತರ ಕೊಟ್ಟು ಹೋಗುತ್ತಾರೆ ಎಂಬುದು ಮಣಿಪಾಲದಲ್ಲಿ ಕಲಿತ ಈ ಬುದ್ಧಿವಂತೆಗೆ ಒಂದು ದಿನವೂ ಹೊಳೆಯಲಿಲ್ಲ.

ಅವರು ಬಂದದ್ದು ಒಂದು ಸೋಮವಾರ. ಎರ್ಮಾಳಿನ ಬ್ಯಾರಿ ಹೆಂಗಸು, ಮೂವತ್ತು ಮೂವತ್ತೆರಡರ ಪ್ರಾಯ. ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಕುಳಿತ ಹಾಗೆಯೇ ಬಿದ್ದಿದ್ದರು. ಮೂಳೆ ಡಾಕ್ಟರರ ಚೀಟಿಯಲ್ಲಿ ಸೊಂಟದ ಎಕ್ಸ್‌ರೇ, ಎದುರಿನಿಂದ ಒಂದು, ಪಕ್ಕದಿಂದ ಒಂದು ಎಂದು ಬರೆದಿತ್ತು. ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ನಾನು ಟೇಬಲಿನ ಮೇಲೆ ಹಾಳೆ ಸರಿ ಮಾಡುತ್ತಾ, ಅವರ ಮುಖ ಕೂಡ ನೋಡದೆ, 'ವಿಶೇಷ ಎಂತಾದರೂ ಉಂಟಾ?' ಎಂದು ಕೇಳಿದೆ.

ಅವರು ನೋವಿನಲ್ಲೂ ನಕ್ಕರು. 'ಎಂತ ವಿಶೇಷ ಇಲ್ಲ ಸಿಸ್ಟರ್. ಹೀಗೇ ಉಂಟು.'

ಇಲ್ಲ ಎಂದು ರಿಜಿಸ್ಟರಿನಲ್ಲಿ ಗೀಚಿದೆ. ಎದುರಿನ ಫಿಲ್ಮ್ ಅವಸರದಲ್ಲಿ ಓರೆಯಾಯಿತು, ಮತ್ತೊಮ್ಮೆ ತೆಗೆದೆ. ಪಕ್ಕಕ್ಕೆ ಮಲಗಿಸಿದಾಗ ಅವರು ನೋವಿಗೆ ಅಲ್ಲಾಡಿದರು, ಅದೂ ಹಾಳಾಯಿತು, ಅದನ್ನೂ ಮತ್ತೊಮ್ಮೆ ತೆಗೆದೆ. ಒಟ್ಟು ನಾಲ್ಕು ಸಲ. ಬರೆದದ್ದು ಎರಡು. ಹಾಳಾದದ್ದನ್ನು ಬರೆಯಬಾರದು ಎಂಬುದು ಡಾಕ್ಟರರ ಅಪ್ಪಣೆ. ಬರೆದರೆ ಯಾರಾದರೂ ಬಂದು ಯಾಕೆ ಹಾಳಾಯಿತು ಎಂದು ಕೇಳಿಯಾರು. ಮೂಳೆ ಮುರಿದಿರಲಿಲ್ಲ. ಅವರು ಸೊಂಟ ಹಿಡಿದುಕೊಂಡು ನನಗೆ ಉಪಕಾರ ಎಂದು ಹೇಳಿ ಹೋದರು.

ಎರಡೂವರೆ ವಾರ ಕಳೆದು ಒಂದು ಗುರುವಾರ ಬೆಳಿಗ್ಗೆ ಅವರು ಗಂಡನ ಜೊತೆ ತಿರುಗಿ ಬಂದರು. ಗಂಡನದ್ದು ಪಡುಬಿದ್ರಿಯಲ್ಲಿ ಚಪ್ಪಲಿ ಅಂಗಡಿ, ಮೆತ್ತಗಿನ ಮನುಷ್ಯ. ಮಾತಾಡಿದ್ದು ಹೆಂಡತಿ. ತಿಂಗಳ ಮುಟ್ಟು ನಿಂತದ್ದನ್ನು ಬಿದ್ದ ಪೆಟ್ಟಿನಿಂದ ಎಂದು ಗ್ರಹಿಸಿದ್ದರಂತೆ. ಪರೀಕ್ಷೆ ಮಾಡಿಸಿದರೆ ಗರ್ಭಿಣಿ. ಲೆಕ್ಕ ಹಾಕಿದರೆ ಎಕ್ಸ್‌ರೇ ತೆಗೆದ ದಿನವೂ ಗರ್ಭಿಣಿಯೇ. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ನಿಂತು ತಾನಾಗಿಯೇ ಹೋಗಿತ್ತು. ಇದು ಮೂರನೆಯದು.

'ಊರಿನ ಡಾಕ್ಟರಮ್ಮ ಹೇಳ್ತಾರೆ, ಸೊಂಟಕ್ಕೇ ಎಕ್ಸ್‌ರೇ ಆಗಿದೆ, ಮಗು ಎಂತ ಆಗ್ತದೋ ಹೇಳ್ಲಿಕ್ಕೆ ಆಗುವುದಿಲ್ಲ, ರಿಸ್ಕ್ ಯಾಕೆ, ತೆಗೆಸಿ ಬಿಡಿ ಅಂತ. ತಡ ಆದರೆ ಮಾತ್ರೆಯಲ್ಲಿ ಆಗುವುದಿಲ್ಲ, ಈ ವಾರದಲ್ಲೇ ಆಗ್ಬೇಕು ಅಂತ. ಅತ್ತೆ ಬೇಡ ಅಂತಾರೆ, ದೇವರು ಕೊಟ್ಟದ್ದು ಅಂತಾರೆ. ನನಗೆ ಹೆದರಿಕೆ ಆಗ್ತದೆ ಸಿಸ್ಟರ್. ನನ್ನ ತಮ್ಮ ಹುಟ್ಟುವಾಗಲೇ ಹಾಗೆ. ಮಾತಿಲ್ಲ, ನಡಿಗೆ ಇಲ್ಲ. ಮದುವೆ ಆಗುವವರೆಗೆ ಅವನನ್ನು ಎತ್ತಿದ್ದು, ಮೀಸಿದ್ದು ಎಲ್ಲ ನಾನು. ಅದು ಎಂತ ಅಂತ ನನಗೆ ಗೊತ್ತುಂಟು.'

ಅವರಿಗೆ ಬೇಕಾಗಿದ್ದದ್ದು ಒಂದು ಕಾಗದ. ಗಂಡನ ಗುರುತಿನವರೊಬ್ಬರು ಹೇಳಿದ್ದರು: ಮಣಿಪಾಲದಲ್ಲಿ ಕಿರಣದ ಲೆಕ್ಕ ಹಾಕುವವರು ಇದ್ದಾರೆ, ಎಷ್ಟು ಸಲ ತೆಗೆದದ್ದು, ಮೆಷಿನ್ ಎಷ್ಟರಲ್ಲಿ ಇಟ್ಟದ್ದು ಎಂದು ಬರೆಸಿ ತನ್ನಿ, ಮಗುವಿಗೆ ಎಷ್ಟು ತಾಗಿತು ಎಂದು ಅವರು ಹೇಳುತ್ತಾರೆ. ಆ ಕಾಗದದ ಮೇಲೆ ಒಂದು ಮಗುವಿನ ಇರವು ನಿಂತಿತ್ತು. ಬರೆದುಕೊಡಲು ನನಗೆ ಐದು ನಿಮಿಷ ಸಾಕಿತ್ತು.

ಇಲ್ಲೇ ಹೇಳಿಬಿಡುತ್ತೇನೆ. ಲೆಕ್ಕ ಹಾಕದೆಯೂ ಉತ್ತರ ನನಗೆ ಗೊತ್ತಿತ್ತು. ಸೊಂಟದ ಎಕ್ಸ್‌ರೇ ಎರಡಲ್ಲ, ನಾಲ್ಕು ಸಲ ಆದರೂ ಗರ್ಭ ತೆಗೆಸಬೇಕಾದ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ನಮಗೆ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದರು, ಪರೀಕ್ಷೆಯಲ್ಲಿ ಕೇಳಿದ್ದರು, ನಾನು ಬರೆದು ಅಂಕ ತೆಗೆದಿದ್ದೆ. ಆದರೂ ನನ್ನ ಬಾಯಿಯಿಂದ ಬಂದದ್ದು, 'ಡಾಕ್ಟರರ ಹತ್ತಿರ ಮಾತಾಡಿ.' ಟೆಕ್ನಿಷಿಯನ್ ಆದವಳು ರೋಗಿಯ ಹತ್ತಿರ ಫಲಿತಾಂಶದ ಬಗ್ಗೆ ಬಾಯಿ ಬಿಡಬಾರದು ಎಂದು ಒಂದು ನಿಯಮ ಉಂಟು. ಒಳ್ಳೆಯ ನಿಯಮವೇ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ನಿಯಮವೂ ಅಲ್ಲ, ಅವರ ಹೊಟ್ಟೆಯೂ ಅಲ್ಲ. ನಾಲ್ಕು ಸಲ ತೆಗೆದು ಎರಡು ಎಂದು ಬರೆದ ನನ್ನ ಕೈಬರಹ ನೆನಪಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಡಾಕ್ಟರರು ಅವರನ್ನು ಕುಳಿತುಕೊಳ್ಳಲೂ ಹೇಳಲಿಲ್ಲ. 'ಫಿಲ್ಮ್ ಕೊಟ್ಟಿದ್ದೇವೆ, ರಿಪೋರ್ಟ್ ಕೊಟ್ಟಿದ್ದೇವೆ. ಇನ್ನು ಎಂತ ಬೇಕು? ರಿಜಿಸ್ಟರ್ ನಮ್ಮ ಒಳಗಿನ ದಾಖಲೆ, ಅದನ್ನೆಲ್ಲ ಹೊರಗೆ ಕೊಡುವ ಕ್ರಮ ಇಲ್ಲ.'

'ನನ್ನ ಹೊಟ್ಟೆಯದ್ದು ನಿಮ್ಮ ಒಳಗಿನ ದಾಖಲೆಯಾ ಡಾಕ್ಟ್ರೇ?' ಎಂದರು ಹೆಂಗಸು. ದೊಡ್ಡ ಸ್ವರದಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೆ ಕೇಳಿದ ಹಾಗೆ ಕೇಳಿದರು.

ಡಾಕ್ಟರರು ನನ್ನನ್ನು ಒಳಗಿನ ಕೋಣೆಗೆ ಕರೆದರು. ಕಂಪ್ಯೂಟರಿನ ಮುಂದೆ ತಾವೇ ಕುಳಿತು, ಎರಡೇ ಬೆರಳಿನಲ್ಲಿ ಕುಟ್ಟಿ, ಆ ಹೆಂಗಸೇ ಬರೆದ ಹಾಗೆ ಒಂದು ಒಪ್ಪಿಗೆ ಪತ್ರ ತಯಾರು ಮಾಡಿದರು. ನಾನು ಗರ್ಭಿಣಿಯಲ್ಲ ಎಂದು ಸಿಬ್ಬಂದಿಗೆ ತಿಳಿಸಿದ ಮೇಲೆ ನನ್ನ ಪೂರ್ಣ ಒಪ್ಪಿಗೆಯಿಂದ ಎಕ್ಸ್‌ರೇ ತೆಗೆಯಲಾಗಿದೆ, ಮುಂದಿನ ಯಾವುದೇ ಪರಿಣಾಮಕ್ಕೆ ಸಂಸ್ಥೆ ಹೊಣೆಯಲ್ಲ. ಕೆಳಗೆ ಆ ಸೋಮವಾರದ ತಾರೀಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕೇಳಿದ್ದೇನೆ. ಬಾಗಿಲನ್ನು ನಿನ್ನೆಯೇ ಹಾಕಿದ್ದೆವು ಎಂದು ಬರೆದು ಇಡುವವರನ್ನು ಅವತ್ತೇ ನೋಡಿದ್ದು.

'ಇದಕ್ಕೆ ಸೈನ್ ತಗೊ, ಮತ್ತೆ ಎರಡು ಸಲದ್ದು ಬರೆದುಕೊಡುವ' ಎಂದರು. 'ನೀನು ಕೇಳಿದ್ದೀಯಲ್ಲ?'

'ಕೇಳಿದ್ದೇನೆ' ಎಂದೆ.

'ಮತ್ತೆಂತ ಹೆದರಿಕೆ ಮಾರಾಯ್ತಿ.'

ಹೊರಗೆ ತಂದು ಕೊಟ್ಟೆ. ಗಂಡ ಪೆನ್ನು ತೆಗೆದಾಗಿತ್ತು. ಅವರು ಯಾವ ಕಾಗದವನ್ನೂ ಓದುವ ಜಾತಿಯಲ್ಲ, ಸಹಿ ಹಾಕಿದರೆ ಕೆಲಸ ಆಗುತ್ತದೆ ಎಂದರೆ ಆ ಪಾಪದವರು ಗೋಡೆಗೂ ಸಹಿ ಹಾಕಿಯಾರು. ಹೆಂಗಸು ಅವರ ಕೈ ಹಿಡಿದು ನಿಲ್ಲಿಸಿದರು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು. ಬೆರಳಿಟ್ಟು ಸಾಲು ಸಾಲು ಓದಿದರು. ಅರ್ಧದಲ್ಲಿ ಬೆರಳು ನಿಂತಿತು.

'ಇದರಲ್ಲಿ ನಾನು ಗರ್ಭಿಣಿ ಅಲ್ಲ ಅಂತ ಹೇಳಿದ್ದೇನೆ ಅಂತ ಉಂಟು. ಅದನ್ನು ನನ್ನ ಹತ್ತಿರ ಯಾರೂ ಕೇಳಲಿಲ್ಲ.'

ಡಾಕ್ಟರರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು.

'ಕೇಳಿದ್ದೇನಲ್ಲ' ಎಂದೆ. 'ವಿಶೇಷ ಉಂಟಾ ಅಂತ ಕೇಳಿದೆ. ನೀವು ಇಲ್ಲ ಅಂದಿರಿ.'

ಅವರು ಕಾಗದದಿಂದ ಬೆರಳು ತೆಗೆದರು. 'ಅದು ಇದನ್ನು ಕೇಳಿದ್ದಾ? ನೀವು ಸುಖದುಃಖ ಮಾತಾಡಿಸಿದ್ದು ಅಂತ ಗ್ರಹಿಸಿದೆ ನಾನು. ನೋವಿನಲ್ಲಿ ಬಂದವಳ ಹತ್ತಿರ ಇಷ್ಟಾದರೂ ಮಾತಾಡಿದರಲ್ಲ ಅಂತ ಸಂತೋಷ ಆಗಿತ್ತು.'

ಇದಕ್ಕಿಂತ ಅವರು ಚಪ್ಪಲಿಯಲ್ಲಿ ಹೊಡೆದಿದ್ದರೆ ಹಿತವಾಗುತ್ತಿತ್ತು. ಆಗಲಾದರೂ ನಾನು ಹೌದು, ನನ್ನದೇ ತಪ್ಪು ಎನ್ನಬಹುದಿತ್ತು. ಹೊಟ್ಟೆಗೆ ತುಳುವಿನಲ್ಲಿ ಹೇಳುವ ಬಂಜಿ ಎಂಬ ಒಂದು ಶಬ್ದ ಸಾಕಿತ್ತು, ಅವರಿಗೆ ನನ್ನಷ್ಟೇ ತುಳು ಬರುತ್ತಿತ್ತು ಎಂದು ಹೇಳಬಹುದಿತ್ತು. ನಾನು ಕೌಂಟರಿನ ಕಡೆ ತಿರುಗಿ ಏನೋ ಹುಡುಕುವವಳ ಹಾಗೆ ನಿಂತೆ.

ಅವರು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದು ಕಾಗದವನ್ನು ಮಡಚಿ ಕೌಂಟರಿನ ಮೇಲೆ ಇಟ್ಟರು. ಡಾಕ್ಟರರ ಮುಖ ಬಿಗಿಯಿತು. ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮುಂಬಾಗಿಲನ್ನು ಅರ್ಧ ಮುಚ್ಚಿ, ಅದರ ಹಿಂದಿನ ಹಕ್ಕುಗಳ ಫಲಕವನ್ನು ಮೊದಲ ಸಲ ಬೆಳಕಿಗೆ ತಂದರು. 'ನೋಡಿ, ಇಲ್ಲೇ ಉಂಟು. ದಾಖಲೆ ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು. ಅರ್ಜಿ ಬರೆದು ಹೋಗಿ. ಆದಿತ್ಯವಾರ ರಜೆ. ಸೋಮವಾರ ಬನ್ನಿ.' ಹಕ್ಕನ್ನು ಕೊಡುವುದಕ್ಕೆ ಇಟ್ಟ ಗಡುವನ್ನು ತಡೆಯುವುದಕ್ಕೆ ಬಳಸಬಹುದು ಎಂದು ಆ ತಲೆಗೆ ಅಷ್ಟು ಬೇಗ ಹೊಳೆಯಿತು. ಬೇರೆ ಯಾವುದೂ ಅಷ್ಟು ಬೇಗ ಹೊಳೆದದ್ದನ್ನು ನಾನು ಕಂಡಿಲ್ಲ.

'ಈ ವಾರದಲ್ಲೇ ಆಗ್ಬೇಕು ಅಂತ ಹೇಳಿದ್ದಾರೆ ಡಾಕ್ಟ್ರೇ' ಎಂದರು ಗಂಡ.

'ಅದು ನಿಮ್ಮ ಡಾಕ್ಟರಮ್ಮನ ಹತ್ತಿರ ಮಾತಾಡಿ. ನಾವು ಕಾನೂನಿನ ಪ್ರಕಾರ ಹೋಗುವವರು.'

ಅರ್ಜಿಯನ್ನು ಹೆಂಗಸೇ ಬರೆದರು, ದುಂಡಗಿನ ಅಕ್ಷರದಲ್ಲಿ. ಆಮೇಲೆ ಇಬ್ಬರೂ ಹೆದ್ದಾರಿ ದಾಟಿ ಆಚೆ ಬದಿಯಲ್ಲಿ ಬಸ್ಸಿಗೆ ನಿಂತರು. ಕಿಟಕಿಯಿಂದ ಕಾಣುತ್ತಿತ್ತು. ಅವರು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದರು, ಬಸ್ಸು ಬರಲು ಸುಮಾರು ಹೊತ್ತಾಯಿತು. ನಾನು ರಸ್ತೆ ದಾಟಿ ಹೋಗಿ, ಹೆದರಬೇಡಿ, ಎಂತದ್ದೂ ಆಗುವುದಿಲ್ಲ, ಮಾತ್ರೆ ತಿನ್ನಬೇಡಿ ಎಂದು ಹೇಳಬಹುದಿತ್ತು. ಐದೇ ಶಬ್ದ. ನಾನು ಚಹಾ ಕುಡಿದೆ. ಅದರ ಜೊತೆ ಒಂದು ಬಿಸ್ಕುಟು ಕೂಡ ತಿಂದೆ.

ಶುಕ್ರವಾರ ಡಾಕ್ಟರರು ರಿಜಿಸ್ಟರ್ ತರಿಸಿದರು. ಆ ಸೋಮವಾರದ ಸಾಲಿನಲ್ಲಿ ನಾನು ಗೀಚಿದ್ದ ಇಲ್ಲ ಎಂಬುದರ ಮುಂದೆ, ಗರ್ಭಧಾರಣೆಯ ಬಗ್ಗೆ ವಿಚಾರಿಸಲಾಗಿದೆ, ರೋಗಿ ನಿರಾಕರಿಸಿರುತ್ತಾರೆ ಎಂದು ಅದೇ ಪೆನ್ನಿನಲ್ಲಿ ಬರೆಯಲು ಹೇಳಿದರು. ನಾಳೆ ಬರೆಯುತ್ತೇನೆ ಎಂದೆ. ಶನಿವಾರ ಮತ್ತೆ ಕೇಳಿದರು. ಪೆನ್ನು ಸಿಗುತ್ತಾ ಇಲ್ಲ ಎಂದೆ. ಇಷ್ಟೇ ನನ್ನ ಪರಾಕ್ರಮ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ಪೆನ್ನು ಹುಡುಕುತ್ತಾ ಎರಡು ದಿನ ಕಳೆದೆ. ಡಾಕ್ಟರರನ್ನು ಪುಕ್ಕಲು ಎಂದು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ. ತಾನು ಹೇತ ಗುಡ್ಡೆಯ ಮೇಲೆ ನಿಂತು ಪಕ್ಕದವನಿಗೆ ಮೂಗು ಮುಚ್ಚಿಕೊಳ್ಳುವುದು ಎಂದರೆ ಇದೇ.

ಆದಿತ್ಯವಾರ ಕುಕ್ಕುಂದೂರಿನ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಎಂದಿನ ಹಾಗೆ ತುಳುವಿನಲ್ಲಿ ಏನು ವಿಶೇಷ ಎಂದು ಕೇಳಿದರು. ಏನೂ ಇಲ್ಲ ಎಂದು ನನ್ನ ಬಾಯಿ ಹೇಳಿತು, ತನ್ನಷ್ಟಕ್ಕೇ, ಯೋಚನೆಯೇ ಇಲ್ಲದೆ. ಆ ಹೆಂಗಸು ಹೇಳಿದ್ದೂ ಹೀಗೆಯೇ. ಗೆರಸೆ ಕೆಳಗಿಟ್ಟು ಎದ್ದು ಹೋಗಿ ಒಂದು ಬಿಳಿ ಹಾಳೆ ತೆಗೆದುಕೊಂಡೆ. ನಾಲ್ಕು ಸಲ ತೆಗೆದದ್ದು. ಪ್ರತಿ ಸಲ ಮೆಷಿನ್ ಇಟ್ಟದ್ದು ಎಷ್ಟರಲ್ಲಿ ಎಂಬ ಅಂಕಿ. ದಿನಾ ತಿರುಗಿಸುವ ಗುಂಡಿ, ಅದು ಮರೆಯುವುದಿಲ್ಲ. ಎರಡನ್ನು ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟದ್ದು. ಗರ್ಭಿಣಿಯೇ ಎಂದು ತಿಳಿಯುವ ಮಾತಿನಲ್ಲಿ ನಾನು ಕೇಳಿರಲಿಲ್ಲ ಎಂಬುದು. ಕೆಳಗೆ ಸಹಿ.

ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಕಾರ್ಕಳದಿಂದ ನೇರ ಮಣಿಪಾಲದ ಬಸ್ಸು ಹತ್ತಿದೆ. ಕಿರಣದ ಲೆಕ್ಕದವರು ನನಗೆ ಪಾಠ ಮಾಡಿದ ಮೇಷ್ಟ್ರೇ. ನನ್ನ ಹಾಳೆ ನೋಡಿ, ಒಂದೆರಡು ಪ್ರಶ್ನೆ ಕೇಳಿ, ಲೆಕ್ಕ ಹಾಕಲು ಅವರಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಗರ್ಭಕ್ಕೆ ತಾಗಿರುವುದು ಬಹಳ ಕಡಿಮೆ, ಈ ಕಾರಣಕ್ಕೆ ಗರ್ಭಪಾತದ ಅಗತ್ಯ ಇಲ್ಲ ಎಂದು ಬರೆದು ಸಹಿ ಹಾಕಿದರು. ಕೊಡುವಾಗ ಕನ್ನಡಕದ ಮೇಲಿಂದ ನೋಡಿದರು.

'ಇದಕ್ಕೆ ನನ್ನ ಹತ್ತಿರ ಬರಬೇಕಿತ್ತಾ? ನಿನಗೇ ಗೊತ್ತಿರ್ಬೇಕಲ್ಲ.'

'ಗೊತ್ತುಂಟು ಸರ್.'

'ಮತ್ತೆ?'

ಎರಡೂ ಕಾಗದವನ್ನು ಕವರಿಗೆ ಹಾಕಿಕೊಂಡೆ. ಉಡುಪಿಗೆ ಇಳಿದು ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಎರ್ಮಾಳಿಗೆ ಹೊರಟೆ. ದಾರಿಯಲ್ಲಿ ಕಾಪು ಬಂತು. ನಮ್ಮ ಸೆಂಟರಿನ ಮುಂಬಾಗಿಲು ಎಂದಿನ ಹಾಗೆ ತೆರೆದಿತ್ತು. ಫೋನಿನಲ್ಲಿ ಡಾಕ್ಟರರ ಕರೆ ಮೂರು ಬಂದಿತ್ತು. ನಾನು ಎತ್ತಲಿಲ್ಲ, ಮತ್ತೆ ಆ ಕೆಲಸಕ್ಕೆ ಹೋಗಲೂ ಇಲ್ಲ. ಬಸ್ಸಿನಲ್ಲಿ ಕುಳಿತಾಗ ಏನೋ ದೊಡ್ಡದು ಮಾಡಿದೆ ಎಂಬ ಹಮ್ಮು ಕೂಡ ಬಂದಿತ್ತು. ಹಾಗೆಲ್ಲ ನಾವು ಬೇಗ ನಮ್ಮನ್ನು ಮನ್ನಿಸಿಕೊಳ್ಳುತ್ತೇವೆ.

ಅರ್ಜಿಯಲ್ಲಿ ಬರೆದಿದ್ದ ಹಾಗೆ ಅವರ ಮನೆ ಸಮುದ್ರದ ಬದಿಗೆ ಹೋಗುವ ಓಣಿಯಲ್ಲಿತ್ತು. ಬಾಗಿಲು ತೆರೆದದ್ದು ಅತ್ತೆ. ಎಕ್ಸ್‌ರೇಯವಳು ಎಂದು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಕುಳಿತುಕೊಳ್ಳಿ ಎಂದು ತುಳುವಿನಲ್ಲಿ ಹೇಳಿ ಒಳಗೆ ಹೋಗಿ ಲಿಂಬೆ ಶರಬತ್ತು ತಂದಿಟ್ಟರು. ಅವರ ಕಣ್ಣು ಊದಿಕೊಂಡಿತ್ತು. ಅದನ್ನು ನೋಡಿಯೇ ನನಗೆ ಗೊತ್ತಾಗಬೇಕಿತ್ತು.

ಹೆಂಗಸು ಒಳಕೋಣೆಯ ಮಂಚದಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಅಲ್ಲಿಂದ ಮುಂದಿನ ಮಾತೆಲ್ಲ ತುಳುವಿನಲ್ಲೇ ಆಯಿತು. ನಾನು ಕವರಿನಿಂದ ಕಾಗದ ತೆಗೆಯುತ್ತಿದ್ದಾಗ ಅವರು ಹೇಳಿದರು, 'ಶುಕ್ರವಾರ ಒಂದು ಮಾತ್ರೆ, ನಿನ್ನೆ ಉಳಿದದ್ದು. ನಿನ್ನೆ ಸಂಜೆ ಆಯಿತು.'

ಕಾಗದ ನನ್ನ ಕೈಯಲ್ಲಿಯೇ ಇತ್ತು.

'ಸೋಮವಾರದವರೆಗೆ ಕಾಯುವ ಅಂತ ಇವರು ಹೇಳಿದ್ರು' ಎಂದರು. 'ನನಗೆ ಆಗಲಿಲ್ಲ. ಕಾಗದ ಕೊಡ್ಲಿಕ್ಕೆ ಅವರು ಇಷ್ಟು ಹೆದರುತ್ತಾರೆ ಅಂತಾದರೆ ಅದರಲ್ಲಿ ಎಷ್ಟು ದೊಡ್ಡದು ಇರಬೇಕು ಅಂತ ಗ್ರಹಿಸಿದೆ.'

ಅವರ ತರ್ಕದಲ್ಲಿ ತಪ್ಪೇ ಇರಲಿಲ್ಲ. ಏನೂ ಇಲ್ಲದ್ದನ್ನು ಯಾರಾದರೂ ಅಷ್ಟು ಬಿಗಿಯಾಗಿ ಬಚ್ಚಿಡುತ್ತಾರೆಯೇ? ಬಚ್ಚಿಡುತ್ತಾರೆ, ಆದರೆ ಅದು ಬಚ್ಚಿಡುವವರಿಗೆ ಮಾತ್ರ ಗೊತ್ತಿರುವ ಸಂಗತಿ.

'ಎಷ್ಟು ತಾಗಿತ್ತು?' ಎಂದು ಕೇಳಿದರು.

ಸುಳ್ಳು ಹೇಳುವ ಎಂದು ನನಗೆ ಕಂಡಿತು. ಬಹಳ ತಾಗಿತ್ತು, ನೀವು ಮಾಡಿದ್ದೇ ಸರಿ ಎಂದರೆ ಅವರು ಇವತ್ತು ರಾತ್ರಿ ಮಲಗಿಯಾರು. ಅದು ದಯೆ ಎಂದು ನನಗೇ ನಾನು ಹೇಳಿಕೊಳ್ಳಬಹುದಿತ್ತು. ಆದರೆ ಅವರ ದೇಹದ ವಿಷಯವನ್ನು ಅವರಿಂದ ಮುಚ್ಚಿಡುವ ಕೆಲಸವನ್ನು ನಾವು ಎರಡು ಸಲ ಮಾಡಿ ಆಗಿತ್ತು.

'ತಾಗಿದ್ದು ಏನೂ ಅಲ್ಲ' ಎಂದೆ. 'ಅದರಿಂದ ಎಂತದ್ದೂ ಆಗುತ್ತಿರಲಿಲ್ಲ.'

ಅವರು ಕೈ ಚಾಚಿದರು. ಎರಡೂ ಕಾಗದ ಕೊಟ್ಟೆ. ಮೇಷ್ಟ್ರದ್ದನ್ನು ಓದಿದರು, ನನ್ನದನ್ನು ಓದಿದರು, ಬೆರಳಿಟ್ಟು, ನಿಧಾನವಾಗಿ. ಹೊರಗೆ ಅತ್ತೆ ಯಾರ ಹತ್ತಿರವೋ ಮೆಲ್ಲಗೆ ಮಾತಾಡುತ್ತಿದ್ದರು.

'ಇದು ನಿಮಗೆ ಯಾವಾಗ ಗೊತ್ತಾದದ್ದು?'

ಇವತ್ತು ಎಂದು ಹೇಳಬಹುದಿತ್ತು. ಮೇಷ್ಟ್ರ ಸಹಿಯ ಕೆಳಗೆ ಇವತ್ತಿನ ತಾರೀಕೇ ಇತ್ತು.

'ನೀವು ಬಂದ ದಿನವೇ ಗೊತ್ತಿತ್ತು' ಎಂದೆ. 'ಗುರುವಾರವೇ.'

ಅವರು ಅಳಲಿಲ್ಲ. ದಿಂಬಿನ ಪಕ್ಕದಲ್ಲಿದ್ದ ಪೆನ್ನು ತೆಗೆದು, ನನ್ನ ಹಾಳೆಯ ಕೆಳಗಿನ ಖಾಲಿ ಜಾಗವನ್ನು ತೋರಿಸಿ ಮುಂದೆ ಹಿಡಿದರು. 'ಬರೆಯಿರಿ ಅದನ್ನು.'

ಮಂಚದ ಅಂಚಿನಲ್ಲಿ ಹಾಳೆ ಇಟ್ಟು ಬರೆದೆ. ಕೈಗೆ ಬಂದದ್ದು ಆ ಕೋಟಿನ ಕನ್ನಡವೇ: ಸದರಿ ಎಕ್ಸ್‌ರೇಯಿಂದ ರೋಗಿಗೆ ಯಾವುದೇ ಅಪಾಯ ಇರಲಿಲ್ಲ ಎಂಬುದು ಗುರುವಾರದಂದೇ ನನಗೆ ತಿಳಿದಿತ್ತು. ಹಾಳೆಯನ್ನು ಅವರ ಕಡೆ ತಿರುಗಿಸಿದೆ.

ಅವರ ಬೆರಳು ಒಂದೊಂದೇ ಶಬ್ದ ದಾಟಿ ಬಂದು ನಡುವೆ ನಿಂತಿತು.

'ರೋಗಿಗೆ ಅಲ್ಲ' ಎಂದರು. 'ಮಗುವಿಗೆ.'

ನಾನು ಆ ಶಬ್ದಕ್ಕೆ ಗೀಟು ಹಾಕಿ, ಮೇಲೆ ಮಗುವಿಗೆ ಎಂದು ಬರೆದು, ಸಹಿ ಹಾಕಿ ಕೊಟ್ಟೆ.